ಮೊಲವೊಂದನ್ನು ಬಿಟ್ಟು

"ಆ ಪೆಟ್ಟಿಗೆ ಕೆಳಗಿಡಿ."

ಅವಳ ದನಿ ಕೇಳಿ ಆ ಮನುಷ್ಯ ತಿರುಗಿದ. ಫ್ರೀಜರಿನ ಬಾಗಿಲು ಹಾರುಹೊಡೆದಿತ್ತು. ಒಳಗಿನ ತಣ್ಣನೆಯ ಬಿಳಿ ಹೊಗೆ ಅವನ ಕಾಲ ಸುತ್ತ ಹರಿದಾಡುತ್ತಿತ್ತು. ಬೀಗ ಹಾಕಿದ ಅವಳ ಉಕ್ಕಿನ ಪೆಟ್ಟಿಗೆಯನ್ನು ಅವನು ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ನಿಂತಿದ್ದ.

"ಕೆಳಗಿಟ್ರೆ ಕರಗುತ್ತೆ," ಎಂದ.

"ಯಾರು ನೀವು?"

"ಹೇಳ್ತೀನಿ. ಮೊದಲು ಇದನ್ನ ಪಕ್ಕದ ಫ್ರೀಜರಲ್ಲಿ ಇಡ್ತೀನಿ. ಈ ಫ್ರೀಜರ್ ಕೆಟ್ಟಿದೆ. ಅಲಾರಂ ಬಡ್ಕೊಳ್ತಿತ್ತು."

ಅವಳು ಕಿವಿಗೊಟ್ಟಳು. ಪ್ರಯೋಗಾಲಯದಲ್ಲಿ ಸೊಳ್ಳೆಯ ಸದ್ದೂ ಇರಲಿಲ್ಲ.

"ನನಗೇನೂ ಕೇಳಿಸ್ತಾ ಇಲ್ಲ."

"ನಾನೇ ಆಫ್ ಮಾಡಿದೆ."

"ಓಹೋ. ಅಲಾರಂ ನೀವೇ ಆಫ್ ಮಾಡಿದ್ರಿ, ಬಾಗಿಲು ನೀವೇ ತೆಗೆದ್ರಿ, ಪೆಟ್ಟಿಗೆನೂ ನೀವೇ ಎತ್ತಿಕೊಂಡ್ರಿ. ಕಳ್ಳರು ಇನ್ನೇನು ಮಾಡ್ತಾರೆ?"

"ಕಳ್ಳರು ಉಳಿದವರ ಪೆಟ್ಟಿಗೆನೆಲ್ಲಾ ಆ ಕಡೆ ಸಾಗಿಸಿಟ್ಟು, ಕೊನೇದನ್ನ ಹಿಡ್ಕೊಂಡು ಬೈಸಿಕೊಳ್ತಾ ನಿಂತಿರಲ್ಲ."

ನಿಜ. ಫ್ರೀಜರಿನ ಉಳಿದ ಅರೆಗಳೆಲ್ಲ ಬರಿದಾಗಿದ್ದವು. ಆದರೂ ಅವಳು ಅವನ ಕೈಯಿಂದ ಪೆಟ್ಟಿಗೆಯನ್ನು ಕಿತ್ತುಕೊಂಡಳು. ಕಿತ್ತುಕೊಳ್ಳುವಾಗ ಅವನ ಬೆರಳು ತಾಗಿದವು. ಮಂಜುಗಡ್ಡೆಯಂತೆ ತಣ್ಣಗಿದ್ದವು. ಎಷ್ಟು ಹೊತ್ತಿನಿಂದ ಹಿಡಿದುಕೊಂಡು ನಿಂತಿದ್ದನೋ...

'ಇರಬಹುದು. ಆದರೆ ಫ್ರೀಜರ್ ಕೆಟ್ಟಿದ್ದು ಇವನು ಬಂದ ದಿನವೇ ಯಾಕೆ?'

"ಒಳಗೆ ಬರುವಾಗ ಸದ್ದು ಮಾಡೋಕಾಗಲ್ವಾ ನಿಮಗೆ?"

"ನಾನು ಒಳಗೇ ಇದ್ದೆ. ಬಂದಿದ್ದು ನೀವು," ಎಂದ ಅವನು.

ಅವಳಿಗೆ ಪಿತ್ತ ನೆತ್ತಿಗೇರಿತು.

ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಇನ್ಸ್‌ಪೆಕ್ಟರ್ ಎಂದು. ಹಿಂದಿನಿಂದ ಅಲ್ಲ, ಎದುರಿಗೇ. ಫ್ರೀಜರಿನೊಳಗಿನ ಪೆಟ್ಟಿಗೆಗೆ ಬೀಗ ಹಾಕುವವಳು ಅವಳೊಬ್ಬಳೇ. ಬೀಗದ ಮೇಲೆ ಮಂಜು ಕಟ್ಟಿ ಕೀಲಿ ತಿರುಗದಿದ್ದಾಗ ಬಾಯಿ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟು ಕರಗಿಸುವವಳೂ ಅವಳೇ. ಯಾರಾದರೂ ಅವಳ ಬೆಂಚಿನ ಪಕ್ಕ ಒಂದು ಗಳಿಗೆ ಹೆಚ್ಚು ನಿಂತರೆ, "ಏನು ಬೇಕಿತ್ತು?" ಎಂಬ ಪ್ರಶ್ನೆ ಮೂಗಿನ ಮೇಲೇ ಬಂದು ಬೀಳುತ್ತಿತ್ತು.

ಮುಂಚೆ ಅವಳು ಇಷ್ಟೊಂದು ಹಾಗಿರಲಿಲ್ಲ. ಹಿಂದಿನ ಪ್ರಯೋಗಾಲಯದಲ್ಲಿ ಪಕ್ಕದ ಬೆಂಚಿನವನೊಬ್ಬ ಇದ್ದ. ಮದುವೆಯ ಮಾತು ಮುಗಿದಿತ್ತು, ಅಕ್ಕ ಸೀರೆ ಕೂಡ ತೆಗೆದಿಟ್ಟಿದ್ದಳು. ಒಂದು ದಿನ ದೊಡ್ಡ ಸಭೆಯೊಂದರಲ್ಲಿ ಅವನು ಪರದೆಯ ಮೇಲೆ ತೋರಿಸಿದ ಚಿತ್ರ ಅವಳದ್ದು. ಅವಳ ದುಡಿಮೆ, ಅವಳ ಫಲಿತಾಂಶ, ಕೆಳಗೆ ಅವನ ಹೆಸರು. ಅವಳು ಸಭೆಯ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಕೇಳಿಸಿಕೊಂಡಳು. ಸೀರೆ ಇನ್ನೂ ಅಕ್ಕನ ಬೀರುವಿನಲ್ಲೇ ಇದೆ.

ಅವಳ ಪೆಟ್ಟಿಗೆಯಲ್ಲಿ ಇದ್ದದ್ದಾದರೂ ಏನು? ಮೊಲದ ರಕ್ತದ ತಿಳಿ.

ಯೀಸ್ಟ್ ಗೊತ್ತಲ್ಲ, ಬ್ರೆಡ್ಡನ್ನು ಉಬ್ಬಿಸುವ ಜೀವಿ. ಅದರ ಒಡಲಲ್ಲಿ ಸಕ್ಕರೆಯನ್ನು ಒಡೆಯುವ ಒಂದು ಎಂಜೈಮ್ ಇದೆ. ಆ ಎಂಜೈಮನ್ನು ಬೇರ್ಪಡಿಸಿ ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತ 'ಇದು ನಮ್ಮದಲ್ಲ' ಎಂದು ಗುರುತಿಸಿ, ಅದನ್ನೇ ಹುಡುಕಿ ಹಿಡಿಯುವ ಆ್ಯಂಟಿಬಾಡಿ ತಯಾರಿಸುತ್ತದೆ. ಆಮೇಲೆ ಯಾವ ಯೀಸ್ಟನ್ನು ಅರೆದು, ಅದರ ಸಾರವನ್ನು ಬಿಳಿ ಹಾಳೆಗೆ ಇಳಿಸಿ, ಆ ಮೊಲದ ರಕ್ತದ ತಿಳಿಯಲ್ಲಿ ನೆನೆಸಿದರೂ ಎಂಜೈಮ್ ಇದ್ದ ಜಾಗದಲ್ಲಿ ಒಂದು ಕಪ್ಪು ಗೆರೆ ಮೂಡುತ್ತದೆ.

ಅವಳ ಹಾಳೆಯಲ್ಲಿ ಎರಡು ಗೆರೆ ಮೂಡಿದ್ದವು.

ಕೆಳಗಿನದು ಎಲ್ಲರಿಗೂ ಗೊತ್ತಿದ್ದ ಎಂಜೈಮ್. ಮೇಲಿನದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅದು ಅದೇ ಎಂಜೈಮಿನ ಇನ್ನೊಂದು ರೂಪ ಎಂದು ಅವಳು ಬರೆದಳು. ದೂರದೂರದ ಪ್ರಯೋಗಾಲಯದವರು ನಮಗೂ ಸ್ವಲ್ಪ ಆ್ಯಂಟಿಬಾಡಿ ಕಳಿಸಿ ಎಂದು ಕೇಳತೊಡಗಿದರು. ತಿಂಗಳ ಕೊನೆಯಲ್ಲಿ ಒಂದು ಸಭೆ. ಆ ಮೇಲಿನ ಗೆರೆ ನಿಜ ಎಂದು ಅಲ್ಲಿ ಒಪ್ಪಿದರೆ ಅವಳ ನೌಕರಿ ಕಾಯಂ. ಇಲ್ಲದಿದ್ದರೆ ಬೆಂಚು ಖಾಲಿ ಮಾಡಿ ಮನೆಗೆ.

ಆ ಸಭೆಗೆ ಮುಂಚೆ ಆ್ಯಂಟಿಬಾಡಿಯನ್ನು ಪರೀಕ್ಷಿಸಿ ನೋಡಲು ಬಂದವನೇ ಪೆಟ್ಟಿಗೆ ಎತ್ತಿಕೊಂಡು ನಿಂತಿದ್ದವನು. ಪ್ರಯೋಗಾಲಯದ ಯಜಮಾನಿ ಪ್ರೊಫೆಸರಮ್ಮನೇ ಅವನನ್ನು ಕರೆತಂದು ಪರಿಚಯಿಸಿದರು.

"ರಸ್ತೆಯಾಚೆ ಕಟ್ಟಡದವರು. ಹೊರಗೆ ಕಳಿಸೋ ಆ್ಯಂಟಿಬಾಡಿನೆಲ್ಲಾ ಪರೀಕ್ಷೆ ಮಾಡೋದೇ ಇವರ ಕೆಲಸ. ನಿನಗೆ ಸಹಾಯಕ್ಕೆ ಬಂದಿದಾರೆ."

'ರಸ್ತೆಯಾಚೆ...' ಅವಳ ಹುಬ್ಬು ಗಂಟಿಕ್ಕಿತು. ರಸ್ತೆಯಾಚೆಯವರದ್ದೂ ಅದೇ ಎಂಜೈಮಿಗೆ ಒಂದು ಆ್ಯಂಟಿಬಾಡಿ ಇತ್ತು. ಅವರದ್ದರಲ್ಲಿ ಒಂದೇ ಗೆರೆ. ಇವಳದ್ದು ಬಂದ ಮೇಲೆ ಅವರದ್ದನ್ನು ಕೇಳುವವರಿರಲಿಲ್ಲ.

ಸಂಜೆ ಮನೆಯಲ್ಲಿ ಅಕ್ಕನಿಗೆ ಹೇಳಿದಳು. "ಬೆಕ್ಕಿನ ಹಾಗೆ ನಡೀತಾನೆ ಕಣೇ. ಕಾಲಿಟ್ಟಿದ್ದೇ ಗೊತ್ತಾಗಲ್ಲ."

"ನೋಡೋಕೆ?"

"ನಾನು ಕಳ್ಳತನದ ವಿಷಯ ಹೇಳ್ತಿದ್ರೆ ನೀನು ರೂಪ ಕೇಳ್ತೀಯಲ್ಲ."

ಸೋಫಾದಲ್ಲಿ ಪೇಪರಿನ ಹಿಂದಿದ್ದ ಭಾವ ಬಾಯಿ ಹಾಕಿದ. "ನಾದಿನಿ, ಮೊದಲನೇ ಸಲ ನಾನು ಈ ಮನೆಗೆ ಹೆಣ್ಣು ನೋಡೋಕೆ ಬಂದಾಗ ನೀನು ನನ್ನ ಚಪ್ಪಲಿ ಎಣಿಸಿ ನೋಡಿದ್ದೆ. ಒಂದು ಜೊತೆ ಹಾಕ್ಕೊಂಡು ಬಂದು ಎರಡು ಜೊತೆ ಹಾಕ್ಕೊಂಡು ಹೋಗ್ತೀನಿ ಅಂತ."

"ಆಗ ನನಗೆ ಹತ್ತು ವರ್ಷ ಭಾವ."

"ಬೆಳೆದಿದ್ದೆಷ್ಟು, ಅದನ್ನ ಹೇಳು."

ಮಾರನೆಯ ದಿನ ಅವಳು ಬೆಂಚಿನಲ್ಲಿ ಬಾಗಿ ಕೂತಿದ್ದಾಗ ಬಾಗಿಲ ಚೌಕಟ್ಟಿನಿಂದ ಸದ್ದು ಬಂತು. ಟಕ್, ಟಕ್.

ಬೆಕ್ಕು. ಬೆರಳಿನ ಗೆಣ್ಣಿನಿಂದ ಕಟ್ಟಿಗೆಗೆ ಬಡಿದು ಬಾಗಿಲಲ್ಲೇ ನಿಂತಿದ್ದ.

"ಏನದು?"

"ಸದ್ದು. ನೀವೇ ಕೇಳಿದ್ರಲ್ಲ."

ಅಂದಿನಿಂದ ಅವನು ಒಳಗೆ ಬರುವ ಮುಂಚೆ ಪ್ರತಿ ಸಲವೂ ಬಡಿದೇ ಬರುತ್ತಿದ್ದ. ಕೋಣೆಯಲ್ಲಿ ಎಲ್ಲರೂ ಓಡಾಡುತ್ತಿದ್ದರೂ ಅವನೊಬ್ಬ ಬಡಿಯುತ್ತಿದ್ದ. ಉಳಿದವರು ಮುಸಿಮುಸಿ ನಗುತ್ತಿದ್ದರು. ಅವಳಿಗೆ ನಗು ಬರಲಿಲ್ಲ. ತನ್ನನ್ನು ಗೇಲಿ ಮಾಡುತ್ತಿದ್ದಾನೋ, ಮರ್ಯಾದೆ ಕೊಡುತ್ತಿದ್ದಾನೋ? ಗೊತ್ತಾಗದ್ದೇ ಅವಳಿಗೆ ದೊಡ್ಡ ಸಂಕಟ.

ಅವಳು ಮೈಯೆಲ್ಲಾ ಕಣ್ಣಾಗಿ ಅವನನ್ನು ಗಮನಿಸಿದಳು. ಅವನು ಟ್ಯೂಬ್ ಹಿಡಿಯುವುದನ್ನು ನೋಡಿದಳು, ಕೈತೊಳೆಯುವುದನ್ನು ನೋಡಿದಳು. ಎಳ್ಳಷ್ಟು ತಪ್ಪೂ ಸಿಗಲಿಲ್ಲ. ಅದೇ ಇನ್ನೂ ಅನುಮಾನ ತಂದಿತು. ತಪ್ಪೇ ಮಾಡದ ಮನುಷ್ಯ ಇರುತ್ತಾನೆಯೇ?

ಒಂದು ದಿನ ಅವನೇ ಕೇಳಿದ. "ಈ ಆ್ಯಂಟಿಬಾಡಿ ಕೊಟ್ಟ ಮೊಲ ಇನ್ನೂ ಇದೆಯಾ? ನೋಡಬಹುದಾ?"

"ಯಾಕೆ?"

"ಸುಮ್ಮನೆ. ಅದರ ರಕ್ತದ ಜೊತೆ ಇಷ್ಟು ದಿನದಿಂದ ಕೆಲಸ ಮಾಡ್ತಿದೀನಿ. ಮುಖ ನೋಡಿಲ್ಲ."

ಹಿಂದಿನ ಕಟ್ಟಡದಲ್ಲಿ ಪ್ರಾಣಿಗಳ ಮನೆ. ಅಲ್ಲಿನ ಪಶುವೈದ್ಯೆ ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಆ ಮೊಲಕ್ಕೆ ಅವರೇ ಇಟ್ಟ ಹೆಸರು ಮಾವ. ಬೂದು ಬಣ್ಣ, ಜೋಲು ಗಲ್ಲ. ಬೀಗರ ಮನೆಯಲ್ಲಿ ಸರಿಯಾಗಿ ಮರ್ಯಾದೆ ಆಗಲಿಲ್ಲವೆಂದು ಮುನಿದು ಕೂತ ಮಾವನ ಹಾಗೆ ಯಾವಾಗಲೂ ಗೋಡೆಗೆ ಮುಖ ಮಾಡಿ ಕೂತಿರುತ್ತಿತ್ತು. ಅವಳು ಎಷ್ಟು ಸಲ ಎಲೆ ಹಿಡಿದು ಕರೆದಿದ್ದರೂ ತಿರುಗಿದ್ದಿಲ್ಲ.

ಅವನು ಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬೆರಳಿನಿಂದ ಗೂಡಿನ ಚೌಕಟ್ಟಿಗೆ ಬಡಿದ. ಟಕ್, ಟಕ್.

ಮಾವ ನಿಧಾನಕ್ಕೆ ತಿರುಗಿತು. ಮೂಗು ಅಲ್ಲಾಡಿಸಿತು. ಬಂದು ಅವನ ಬೆರಳು ಮೂಸಿತು.

"ಅಯ್ಯೋ ದ್ರೋಹಿ," ಎಂದಳು ಅವಳು ಮೊಲಕ್ಕೆ. ಅಂದವಳೇ ನಕ್ಕುಬಿಟ್ಟಳು. ತಾನು ಎಷ್ಟೋ ಕಾಲದಿಂದ ಹಾಗೆ ಬಾಯಿತುಂಬ ನಕ್ಕಿರಲಿಲ್ಲ ಎಂಬುದು ನಕ್ಕ ಮೇಲೆ ನೆನಪಾಯಿತು.

ಅವನು ಮೊಲವನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಏನು?" ಎಂದಳು.

"ಏನಿಲ್ಲ. ಈ ನಗುವಿನ ಮುಖಾನೂ ನೋಡಿರಲಿಲ್ಲ."

ಅಂದು ಸಂಜೆ ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು, ಎಲ್ಲಾದರೂ ಮೋಸದ ಎಳೆ ಸಿಗುತ್ತದೇನೋ ಎಂದು. ಸಿಗಲಿಲ್ಲ. ಅಕ್ಕ ಬಾಗಿಲು ತೆಗೆದವಳೇ, "ಬೆಕ್ಕು ಏನಂತು ಇವತ್ತು?" ಎಂದಳು. "ಏನೂ ಅನ್ನಲಿಲ್ಲ," ಎಂದು ಅವಳು ಕೆಂಪಾದ ಮುಖ ಹೊತ್ತು ಸೀದಾ ಕೋಣೆಗೆ ಹೋದಳು.

ಅವಳು ಬೀಗದ ಪೆಟ್ಟಿಗೆಯನ್ನೇ ಮರೆತ ಮಧ್ಯಾಹ್ನವೊಂದು ಬಂತು. ಕೀಲಿ ಬೆಂಚಿನ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದಳು. ಅರ್ಧ ದಾರಿಯಲ್ಲಿ ನೆನಪಾಗಿ ಓಡಿಬಂದಳು.

ಬೆಂಚಿನ ಮೇಲೆ ಕೀಲಿ ಇದ್ದ ಹಾಗೇ ಇತ್ತು. ಅವನು ಇರಲಿಲ್ಲ. ಪ್ರೊಫೆಸರಮ್ಮನ ಕೋಣೆಯ ಬಾಗಿಲು ಅರೆ ತೆರೆದಿತ್ತು, ಒಳಗಿನಿಂದ ಅವನ ದನಿ.

"ಖಾಲಿ ಯೀಸ್ಟಲ್ಲೂ ಮೇಲಿನ ಗೆರೆ ಬಂದಿದೆ ಮೇಡಂ."

ಖಾಲಿ ಯೀಸ್ಟ್ ಎಂದರೆ ಅವನು ರಸ್ತೆಯಾಚೆಯಿಂದ ತಂದಿದ್ದ ತಳಿ. ಅದರಿಂದ ಆ ಎಂಜೈಮನ್ನು ಬೇರುಸಹಿತ ತೆಗೆದುಹಾಕಿದ್ದರು. ಆ ಎಂಜೈಮಿಲ್ಲದೆ ಯೀಸ್ಟ್ ಸಾಮಾನ್ಯವಾಗಿ ಬದುಕುವುದಿಲ್ಲ. ಬೇರೆ ಆಹಾರ ಉಣಿಸಿ ಅವರು ಹೇಗೋ ಬದುಕಿಸಿಕೊಂಡಿದ್ದರು. ಎಂಜೈಮೇ ಇಲ್ಲದ ಕಡೆ ಗೆರೆ ಮೂಡಿದೆ ಎಂದರೆ ಆ ಗೆರೆ ಎಂಜೈಮಲ್ಲ. ಅವಳ ಬರಹ ಸುಳ್ಳು. ಅವಳ ನೌಕರಿ...

"ಅವಳಿಗೆ ಹೇಳಿದ್ರಾ?" ಪ್ರೊಫೆಸರಮ್ಮ.

"ಇಲ್ಲ. ನೀವೂ ಹೇಳಬೇಡಿ. ಈಗಲೇ ಬೇಡ."

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ, ಬೆಂಚಿಗೆ ಮರಳಿದಳು.

'ಅವಳಿಗೆ ಹೇಳಬೇಡಿ.' ಹಿಂದೆ ಪಕ್ಕದ ಬೆಂಚಿನವನೂ ಗೆಳೆಯರಿಗೆ ಇದೇ ಮಾತು ಹೇಳಿದ್ದನಂತೆ. ಆಮೇಲೆ ಯಾರೋ ಹೇಳಿದ್ದರು.

ಟಕ್ ಟಕ್ ಎನ್ನುವುದು, ಮೊಲದ ಮುಂದೆ ಕೂರುವುದು, ಮುಖ ನೋಡಿರಲಿಲ್ಲ ಎನ್ನುವುದು... ಎಲ್ಲ ನಾಟಕ. ಖಾಲಿ ಯೀಸ್ಟಿಗೆ ಇವನೇ ಒಂದು ಹನಿ ನನ್ನ ಯೀಸ್ಟ್ ಬೆರೆಸಿದ್ದಾನೆ. ಗೆರೆ ಬಾರದೆ ಏನು ಮಾಡುತ್ತದೆ?

ಅವಳು ಅಳಲಿಲ್ಲ. ಇನ್ಸ್‌ಪೆಕ್ಟರ್ ಅಳುವುದಿಲ್ಲ. ಬಲೆ ಹೆಣೆಯುತ್ತಾಳೆ.

ಮೊಲಕ್ಕೆ ಎಂಜೈಮ್ ಚುಚ್ಚುವ ಮುಂಚೆ ಒಂದಿಷ್ಟು ರಕ್ತ ತೆಗೆದಿಡುವುದು ಪ್ರಾಣಿಮನೆಯ ಪದ್ಧತಿ. ಮುಂಚಿನ ರಕ್ತ ಎಂದೇ ಅದಕ್ಕೆ ಹೆಸರು. ಎಂಜೈಮಿನ ಮುಖವನ್ನೇ ಕಾಣದ ರಕ್ತ ಅದು, ಅದರಿಂದ ಯಾವ ಗೆರೆಯೂ ಮೂಡಬಾರದು. ಹಾಗೆ ಮೂಡುವುದಿಲ್ಲ ಎಂದು ಖಚಿತ ಮಾಡಿಕೊಂಡೇ ಮುಂದಿನ ಕೆಲಸ. ಅವಳ ಹತ್ತಿರ ಆಗ ಎರಡು ಮೊಲಗಳಿದ್ದವು. ಒಂದರ ಮುಂಚಿನ ರಕ್ತವನ್ನು ನೋಡಿದ್ದಳು, ಹಾಳೆ ಹಾಲಿನಂತೆ ಬೆಳ್ಳಗಿತ್ತು. ಇನ್ನೊಂದರದ್ದು, ಅಂದರೆ ಕೊನೆಗೆ ಆ ಒಳ್ಳೆಯ ಆ್ಯಂಟಿಬಾಡಿ ಕೊಟ್ಟ ಮಾವನ ಮುಂಚಿನ ರಕ್ತ ಪೆಟ್ಟಿಗೆಯ ತಳದಲ್ಲಿ ಹಾಗೇ ಉಳಿದಿತ್ತು. ಕೆಲಸದ ಅವಸರದಲ್ಲಿ, ಅದೂ ಹಾಗೇ ಇರುತ್ತದೆ ಬಿಡು ಎಂದುಕೊಂಡಿದ್ದಳು.

ಈಗ ಆ ಟ್ಯೂಬ್ ಹೊರಗೆ ತೆಗೆದಳು. ಹೊಸ ಚೀಟಿ ಅಂಟಿಸಿದಳು. ಒಂದು, ಎರಡು. ಒಂದರಲ್ಲಿ ಅಸಲಿ ಆ್ಯಂಟಿಬಾಡಿ, ಎರಡರಲ್ಲಿ ಮುಂಚಿನ ರಕ್ತ.

ಟಕ್, ಟಕ್.

"ಬನ್ನಿ," ಎಂದಳು. ಅಷ್ಟು ಮೆದುವಾಗಿ ಎಂದೂ ಹೇಳಿರಲಿಲ್ಲ. "ಎರಡು ಬೇರೆ ಬೇರೆ ಮೊಲದ ಆ್ಯಂಟಿಬಾಡಿ ಇದೆ. ಎರಡನ್ನೂ ನಿಮ್ಮ ಖಾಲಿ ಯೀಸ್ಟಿನ ಮೇಲೆ, ನಮ್ಮ ಯೀಸ್ಟಿನ ಮೇಲೆ ನೋಡಿ ಹೇಳ್ತೀರಾ?"

ಅವನು ಟ್ಯೂಬುಗಳನ್ನು ತೆಗೆದುಕೊಂಡ. ಅವಳ ಮುಖ ನೋಡಿದ.

"ಹೇಳ್ತೀನಿ," ಎಂದ ಅಷ್ಟೇ.

ಲೆಕ್ಕ ಸರಳ. ಪ್ರಾಮಾಣಿಕನಾದರೆ ಎರಡನೆಯ ಟ್ಯೂಬಿಗೆ ಏನೂ ಬರಲಿಲ್ಲ ಎನ್ನುತ್ತಾನೆ. ಮೇಲಿನ ಗೆರೆಯನ್ನು ಕಸ ಮಾಡಬೇಕೆಂದಿರುವವನಾದರೆ ಎಲ್ಲದರಲ್ಲೂ ಮೇಲಿನ ಗೆರೆ ತೋರಿಸುತ್ತಾನೆ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುತ್ತಾನೆ.

ಅವಳ ಒಳಗೆಲ್ಲೋ ಒಂದು ಸಣ್ಣ ದನಿ ಬೇಡಿಕೊಳ್ಳುತ್ತಿತ್ತು. 'ಏನೂ ಬರಲಿಲ್ಲ ಅನ್ನು. ದಯವಿಟ್ಟು ಏನೂ ಬರಲಿಲ್ಲ ಅನ್ನು...'

ತಿಂಗಳ ಕೊನೆಯ ಸಭೆ. ಉದ್ದ ಮೇಜು, ಸುತ್ತ ಪ್ರಯೋಗಾಲಯದವರೆಲ್ಲ, ತುದಿಯಲ್ಲಿ ಪ್ರೊಫೆಸರಮ್ಮ. ಅವನು ಹಾಳೆಗಳ ಚಿತ್ರವನ್ನು ಪರದೆಗೆ ಹಾಕಿದ.

"ಒಂದನೇ ಟ್ಯೂಬು. ನಿಮ್ಮ ಯೀಸ್ಟಲ್ಲಿ ಎರಡೂ ಗೆರೆ, ಖಾಲಿ ಯೀಸ್ಟಲ್ಲಿ ಮೇಲಿನದು ಮಾತ್ರ." ಸ್ವಲ್ಪ ತಡೆದ. "ಎರಡನೇ ಟ್ಯೂಬು. ಎರಡೂ ಯೀಸ್ಟಲ್ಲಿ ಮೇಲಿನ ಗೆರೆ. ಕೆಳಗಿನದು ಇಲ್ಲ."

ಬೇಡಿಕೊಳ್ಳುತ್ತಿದ್ದ ಆ ಸಣ್ಣ ದನಿ ಅಡಗಿತು. ಅದರ ಹಿಂದೆಯೇ ಕೋಪ ಉಕ್ಕಿತು.

"ಎರಡನೇ ಟ್ಯೂಬಲ್ಲಿ ಏನಿತ್ತು ಗೊತ್ತಾ ನಿಮಗೆ?" ಎದ್ದು ನಿಂತಳು. "ಮುಂಚಿನ ರಕ್ತ. ಚುಚ್ಚೋಕೆ ಮುಂಚಿನದು. ಅದರಲ್ಲಿ ಆ್ಯಂಟಿಬಾಡಿನೇ ಇಲ್ಲ. ಇಲ್ಲದೇ ಇರೋದು ನಿಮಗೆ ಹೇಗೆ ಕಾಣಿಸ್ತು ಸ್ವಾಮಿ?"

ಮೇಜಿನ ಸುತ್ತ ಕೂತವರೆಲ್ಲ ಅವನ ಕಡೆ ತಿರುಗಿದರು.

"ನಿಮ್ಮ ಆ್ಯಂಟಿಬಾಡಿ ಮೂಲೆ ಸೇರಿತು ಅಂತ ನನ್ನದಕ್ಕೆ ಮಸಿ ಬಳಿಯೋಕೆ ಬಂದ್ರಿ. ಅದಕ್ಕೇ ಅಲ್ವಾ ಅವಳಿಗೆ ಹೇಳಬೇಡಿ ಅಂತ ಬಾಗಿಲ ಹಿಂದೆ ಪಿಸುಗುಟ್ಟಿದ್ದು? ಮೊಲದ ಹತ್ತಿರಾನೂ ನಾಟಕ ಮಾಡಿದ್ರಿ. ಮನುಷ್ಯರ ಹತ್ತಿರಾನೂ."

ಅವನ ಮುಖದಲ್ಲಿ ಮೊದಲು ಅಚ್ಚರಿ ಕಂಡಿತು. ಆಮೇಲೆ ಏನೋ ಅರ್ಥವಾದ ಹಾಗಾಯಿತು. ಕೊನೆಗೆ ಉಳಿದದ್ದು ನೋವು. ಸಮಜಾಯಿಷಿ ಕೊಡುತ್ತಾನೆಂದು ಎಲ್ಲರೂ ಕಾದರು.

"ನೀವೇ ಒಂದು ಸಲ ಮಾಡಿ ನೋಡಿ," ಎಂದ. "ನನ್ನ ಯೀಸ್ಟ್ ಬೇಡ. ನಿಮ್ಮದೇ ಯೀಸ್ಟ್, ನಿಮ್ಮದೇ ಹಾಳೆ, ನಿಮ್ಮದೇ ಕೈ."

ಹಾಳೆಗಳನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದ. ಹೋಗುವಾಗ ಸದ್ದಾಗಲಿಲ್ಲ.

ಭಾನುವಾರ ಬೆಳಿಗ್ಗೆ ಪ್ರಯೋಗಾಲಯ ಬಿಕೋ ಎನ್ನುತ್ತಿತ್ತು. ಕಿಟಕಿಯ ಬಿಸಿಲು ಬೆಂಚಿನ ಮೇಲೆ ಚೌಕವಾಗಿ ಬಿದ್ದಿತ್ತು. ಅವಳು ತೋಳು ಮಡಚಿ ಕೆಲಸಕ್ಕೆ ಇಳಿದಳು. ಬೆಳ್ಳಗಿನ ಹಾಳೆಯನ್ನು ಪ್ರೊಫೆಸರಮ್ಮನ ಮುಂದೆ ಬಡಿದು ಇಡಬೇಕು. ಅಷ್ಟೇ ಅವಳಿಗೆ ಬೇಕಿದ್ದದ್ದು.

ಯೀಸ್ಟ್ ಅರೆದಳು. ಸಾರ ಇಳಿಸಿದಳು. ಮಾವನ ಮುಂಚಿನ ರಕ್ತದಲ್ಲಿ ಹಾಳೆಯನ್ನು ನೆನೆಸಿದಳು, ತೊಳೆದಳು, ಬಣ್ಣ ಬರಿಸುವ ನೀರು ಹಾಕಿದಳು. ಸೊಂಟಕ್ಕೆ ಕೈಯಿಟ್ಟು ನಿಂತಳು.

ಹಾಳೆ ಬೆಳ್ಳಗೇ ಇತ್ತು. 'ನೋಡಿದೆಯಾ?'

ಆಮೇಲೆ ಮಬ್ಬಾಗಿ ಏನೋ ಕಂಡಿತು. ಕಣ್ಣುಜ್ಜಿಕೊಂಡಳು. ಗೆರೆ ದಟ್ಟವಾಯಿತು. ಮೇಲಿನ ಗೆರೆ. ಸ್ಪಷ್ಟವಾಗಿ, ಕಪ್ಪಗೆ, ಅವಳು ಎಷ್ಟೋ ಸಲ ಹೆಮ್ಮೆಯಿಂದ ತೋರಿಸಿದ ಅದೇ ಗೆರೆ.

ಎಂಜೈಮಿನ ಮುಖವನ್ನೇ ಕಾಣದ ರಕ್ತದಲ್ಲಿ.

ಸ್ಟೂಲನ್ನು ಎಳೆದುಕೊಂಡು ಕೂತಳು. ಬಹಳ ಹೊತ್ತು ಕೂತಳು. ಬಿಸಿಲಿನ ಚೌಕ ಬೆಂಚಿನಿಂದ ನೆಲಕ್ಕೆ ಇಳಿಯಿತು.

ಕೊನೆಗೆ ಎದ್ದು ಪ್ರಾಣಿಮನೆಗೆ ನಡೆದಳು. ಪಶುವೈದ್ಯೆ ಭಾನುವಾರವೂ ಇದ್ದರು, ಪ್ರಾಣಿಗಳಿಗೆ ರಜೆ ಇಲ್ಲವಲ್ಲ.

"ಮಾವನಿಗೆ ಮೊದಲೇ ಯೀಸ್ಟ್ ಪರಿಚಯ ಇತ್ತಾ ಡಾಕ್ಟ್ರೇ?"

"ಇರದೇ ಏನು? ಮೇವಿನ ಪುಡಿಯಲ್ಲೂ ಯೀಸ್ಟ್ ಇರುತ್ತಲ್ಲ. ಎಲ್ಲಾ ಮೊಲಾನೂ ಅದನ್ನೇ ತಿಂದು ಬೆಳೆದಿದ್ದು. ಕೆಲವಕ್ಕೆ ಏನೂ ಆಗಲ್ಲ. ಕೆಲವು ಚಿಕ್ಕಂದಿನಲ್ಲಿ ಒಂದು ಸಲ ಹೊಟ್ಟೆ ಕೆಟ್ರೆ ಸಾಕು, ರಕ್ತದಲ್ಲೇ ಯೀಸ್ಟಿನ ಮೇಲೆ ಆ್ಯಂಟಿಬಾಡಿ ತುಂಬ್ಕೊಂಡು ಜೀವಮಾನ ಪೂರ್ತಿ ದ್ವೇಷ ಕಟ್ಕೋತಾವೆ. ಇವನು ಆ ಜಾತಿ." ಕನ್ನಡಕ ಮೇಲೇರಿಸಿ ಅವಳನ್ನು ನೋಡಿದರು. "ಯಾಕಮ್ಮ, ಮುಖ ಹೀಗೆ ಬಿಳುಚಿಕೊಂಡಿದೆ? ಕೂತ್ಕೋ."

ಅವಳು ಗೂಡಿನ ಮುಂದೆ ಕೂತಳು. ಮಾವ ಗೋಡೆಗೆ ಮುಖ ಮಾಡಿಕೊಂಡಿತ್ತು.

ಬೆಂಚಿನ ಪಕ್ಕ ನಿಂತವರನ್ನೆಲ್ಲ ಅನುಮಾನಿಸಿದ್ದಳು. ಪ್ರೊಫೆಸರಮ್ಮನನ್ನು ಅನುಮಾನಿಸಿದ್ದಳು. ಟಕ್ ಟಕ್ ಎಂದು ಬಾಗಿಲು ಬಡಿದವನನ್ನು ಹತ್ತು ಜನರೆದುರು ಮೋಸಗಾರನನ್ನಾಗಿ ಮಾಡಿದ್ದಳು. ಜಗತ್ತಿನಲ್ಲಿ ಎಲ್ಲರನ್ನೂ ಅನುಮಾನಿಸಿದಳು, ಮೊಲವೊಂದನ್ನು ಬಿಟ್ಟು. ಅನುಮಾನಿಸಬೇಕಾಗಿದ್ದದ್ದು ಮೊಲವೊಂದನ್ನೇ.

"ನಿನ್ನ ತಪ್ಪಲ್ಲ ಬಿಡು," ಎಂದಳು ಮೊಲಕ್ಕೆ. ಆಗ ಅಳು ಬಂತು.

ಪಶುವೈದ್ಯೆ ಒಂದು ಹಿಡಿ ಸೊಪ್ಪನ್ನು ಅವಳ ಕೈಗೆ ತುರುಕಿ, "ಅವನಿಗೆ ಕೊಡು, ಇಬ್ಬರಿಗೂ ಸಮಾಧಾನ ಆಗುತ್ತೆ," ಎಂದು ಒಳಗೆ ಹೋದರು.

ಸೋಮವಾರ ಅವಳು ಪ್ರೊಫೆಸರಮ್ಮನ ಮೇಜಿನ ಮೇಲೆ ಹಾಳೆಯಿಟ್ಟಳು. ಬಡಿದು ಅಲ್ಲ, ಮೆತ್ತಗೆ.

"ನನ್ನ ಮೇಲಿನ ಗೆರೆ ಸುಳ್ಳು ಮೇಡಂ. ಮಾವನ ಮುಂಚಿನ ರಕ್ತಾನ ನಾನು ನೋಡೇ ಇರಲಿಲ್ಲ. ಇನ್ನೊಂದರದ್ದು ನೋಡಿ, ಎರಡೂ ನೋಡಿದೀನಿ ಅಂತ ಬರೆದೆ. ಬರೆದಿದ್ದನ್ನ ವಾಪಸ್ ತಗೊಳ್ತೀನಿ. ಬೆಂಚು ಈ ವಾರ ಖಾಲಿ ಮಾಡ್ತೀನಿ."

ಪ್ರೊಫೆಸರಮ್ಮ ಹಾಳೆ ನೋಡಿದರು, ಅವಳನ್ನು ನೋಡಿದರು.

"ಕಾಯಂ ನೌಕರಿ ಹೋಯ್ತು. ಅದನ್ನ ನಾನೂ ಉಳಿಸೋಕಾಗಲ್ಲ," ಎಂದರು. "ಆದರೆ ಕೆಳಗಿನ ಗೆರೆ ನಿಜ ತಾನೇ? ಅಂದ್ರೆ ಆ ರಕ್ತದಲ್ಲಿ ಒಳ್ಳೆ ಆ್ಯಂಟಿಬಾಡಿನೂ ಇದೆ, ಕೆಟ್ಟದ್ದೂ ಇದೆ. ಕೆಟ್ಟದ್ದನ್ನ ತೊಳೆದು ಹಾಕು. ಅಷ್ಟು ದಿನ ಬೆಂಚು ಇರುತ್ತೆ. ಆಮೇಲಿಂದು ಆಮೇಲೆ."

"ಕೆಟ್ಟದ್ದು ಮಾತ್ರ ಅಂಟಿಕೊಂಡು ಹೋಗೋ ಹಾಗೆ ತೊಳೆಯೋಕೆ ಖಾಲಿ ಯೀಸ್ಟ್ ಬೇಕು."

"ಬೇಕು. ಅದು ಯಾರ ಹತ್ರ ಇದೆ ಅಂತ ನಿನಗೆ ಗೊತ್ತು."

ಅವಳು ತಲೆ ತಗ್ಗಿಸಿದಳು.

"ಅವನು ಅವತ್ತು ಬಾಗಿಲ ಹಿಂದೆ ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡೆಯಾ, ಅರ್ಧಕ್ಕೇ ಓಡಿಹೋದೆಯಾ?"

"ಅರ್ಧ..."

"ನಾನೇ ಹೇಳ್ತೀನಿ ಕೇಳು. 'ಈಗಲೇ ಬೇಡ ಮೇಡಂ, ನನ್ನದೇ ತಪ್ಪಿರಬಹುದು. ಇನ್ನೊಂದು ಸಲ ಮಾಡಿ ನೋಡ್ತೀನಿ. ಅವರ ಇಷ್ಟು ವರ್ಷದ ದುಡಿಮೆ ಇದು, ಸುಮ್ಮನೆ ಅವರ ನಿದ್ದೆ ಯಾಕೆ ಕೆಡಿಸಬೇಕು' ಅಂದ. ಮೂರು ಸಲ ಮಾಡಿದ, ನಿನ್ನ ಗೆರೆ ಉಳಿಸೋಕೆ ಏನಾದ್ರೂ ಸಿಗುತ್ತಾ ಅಂತ. ನೀನು ಅವನನ್ನ ಮೋಸಗಾರ ಮಾಡಿದೆ." ಪ್ರೊಫೆಸರಮ್ಮ ಕನ್ನಡಕ ತೆಗೆದರು. "ಇನ್ನೂ ಇಲ್ಲೇ ನಿಂತಿದೀಯಾ?"

ರಸ್ತೆ ದಾಟಲು ಎಷ್ಟು ಹೊತ್ತು ಬೇಕು? ಅವಳು ಎರಡು ಸಲ ಅರ್ಧಕ್ಕೆ ಹೋಗಿ ಹಿಂದಕ್ಕೆ ಬಂದಳು. ಒಬ್ಬ ಬಸ್ಸಿನ ಡ್ರೈವರ್, "ದಾಟೋದಾದ್ರೆ ದಾಟಮ್ಮ, ಇಲ್ಲಾಂದ್ರೆ ಮನೆಗೆ ಹೋಗು," ಎಂದು ಗದರಿದ. ದಾಟಿದಳು.

ಆಚೆ ಕಟ್ಟಡದ ಮೊದಲ ಮಹಡಿ, ಮೂಲೆಯ ಕೋಣೆ. ಬಾಗಿಲು ತೆರೆದಿತ್ತು. ಅವನು ಕಿಟಕಿಯ ಕಡೆ ಮುಖ ಮಾಡಿ, ಗಾಜಿನ ತಟ್ಟೆಯಲ್ಲಿ ಬೆಳೆದ ಯೀಸ್ಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಸುಮ್ಮನೆ ಒಳಗೆ ಹೋಗಬಹುದಿತ್ತು.

ಅವಳು ಬೆರಳು ಮಡಚಿ ಚೌಕಟ್ಟಿಗೆ ಬಡಿದಳು.

ಟಕ್, ಟಕ್.

ಅವನ ಕೈ ಗಾಳಿಯಲ್ಲೇ ನಿಂತಿತು. ತಿರುಗಲಿಲ್ಲ.

"ಈ ಕಟ್ಟಡದಲ್ಲಿ ಯಾರೂ ಬಾಗಿಲು ಬಡಿಯಲ್ಲ."

"ಸದ್ದಿಲ್ಲದೆ ಬಂದ್ರೆ ಕೆಲವರಿಗೆ ಅನುಮಾನ ಬರುತ್ತೆ."

"ನನಗೆ ಬರಲ್ಲ."

"ಗೊತ್ತು," ಎಂದಳು. "ಮಾಡಿ ನೋಡಿದೆ. ನನ್ನದೇ ಕೈಯಲ್ಲಿ. ಮೇಲಿನ ಗೆರೆ ಬಂತು."

ಈಗ ಅವನು ತಿರುಗಿದ. ಗೆದ್ದ ಮುಖವಿರಲಿಲ್ಲ ಅವನದ್ದು. ಮನೆಯವರಿಗೆ ಏನೋ ಕೆಟ್ಟದ್ದಾಗಿದೆ ಎಂದು ಕೇಳಿದವನ ಮುಖವಿತ್ತು.

"ನೌಕರಿ?"

"ಹೋಯ್ತು. ತೊಳೆಯೋವರೆಗೆ ಬೆಂಚು ಇರುತ್ತೆ."

"ನನಗೂ ಅದೇ ಭಯ ಇತ್ತು."

"ಎರಡನೇ ಟ್ಯೂಬು ಕೊಟ್ಟಾಗ ನಿಮಗೆ ಅನುಮಾನ ಬರಲಿಲ್ವಾ?"

"ಏನೋ ಪರೀಕ್ಷೆ ಮಾಡ್ತಿದೀರಿ ಅಂತ ಗೊತ್ತಾಯ್ತು. ನೀವು ಅಷ್ಟು ಮೆತ್ತಗೆ ಬನ್ನಿ ಅಂದಿದ್ದು ಅವತ್ತೇ ಮೊದಲು."

"ಮತ್ತೆ ಯಾಕೆ ಮಾಡಿದ್ರಿ?"

"ಕೇಳಿದ್ರಿ, ಮಾಡಿದೆ. ಕಂಡಿದ್ದನ್ನ ಹೇಳಿದೆ." ತಟ್ಟೆಯನ್ನು ಕೆಳಗಿಟ್ಟ. "ಹತ್ತು ಜನರೆದುರು ಬೈತೀರಿ ಅಂತ ಮಾತ್ರ ಅಂದ್ಕೊಂಡಿರಲಿಲ್ಲ."

"ಹತ್ತು ಜನರೆದುರೇ ಕ್ಷಮೆ ಕೇಳ್ತೀನಿ. ನಾಳೆ ಎಲ್ಲರನ್ನೂ ಕೂರಿಸ್ತೀನಿ. ಆದರೆ ಅದಕ್ಕೆ ಮುಂಚೆ ಒಂದು ಮಾತು ನಿಮ್ಮೊಬ್ಬರಿಗೇ ಹೇಳಬೇಕು." ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಮಾವನಿಗೆ ಯೀಸ್ಟ್ ಮೇಲಿನ ದ್ವೇಷ ನಾವು ಚುಚ್ಚಿದ್ದರಿಂದ ಬಂದಿದ್ದಲ್ಲ. ಮುಂಚೆಯೇ ಇತ್ತು. ನನಗೂ ಹಾಗೇ. ಹಿಂದೆ ಯಾರೋ ಒಬ್ಬ ಮಾಡಿ ಹೋಗಿದ್ದು. ನಿಮ್ಮ ಮುಖ ಕಾಣೋಕೆ ಮುಂಚೆಯೇ ನಿಮ್ಮ ಮೇಲೆ ನನಗೆ ಅನುಮಾನ ಇತ್ತು. ನೀವು ಏನೇ ಮಾಡಿದ್ರೂ ಗೆರೆ ಮೂಡ್ತಿತ್ತು. ಬಾಗಿಲು ಬಡಿದ್ರೂ ಮೂಡ್ತಿತ್ತು, ಬಡಿಯದಿದ್ರೂ..."



ಅವನು ಸದ್ದಿಲ್ಲದೆ ನಡೆದು ಬಂದು ಎದುರು ನಿಂತ.

"ಕೆಳಗಿನ ಗೆರೆ?" ಎಂದ ಮೆಲ್ಲಗೆ.

"ಏನು?"

"ಮುಂಚಿನ ರಕ್ತದಲ್ಲಿ ಇರಲಿಲ್ಲವಲ್ಲ ಅದು. ಆಮೇಲೆ ಬಂದಿದ್ದು. ಅದು ನಿಜಾನಾ?"

ಅವಳಿಗೆ ಅವನು ಎಂಜೈಮಿನ ಬಗ್ಗೆ ಕೇಳುತ್ತಿಲ್ಲ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದಾಗ ಕಣ್ಣು ತುಂಬಿತು.

"ನಿಜ," ಎಂದಳು. "ಮಾವನ ಗೂಡಿನ ಮುಂದೆ ಬಂದಿದ್ದು. ನೀವು ಹೋದ ಮೇಲೆ ಬಾಗಿಲ ಕಡೆ ಕಿವಿಗೊಟ್ಟು ಕೂತಾಗ ಇನ್ನೂ ದಟ್ಟ ಆಯ್ತು. ನೀವು ಇಷ್ಟ ನನಗೆ. ಬಹಳ."

ಅವನು ಅವಳ ಕೈ ಹಿಡಿದುಕೊಂಡ. ಅಂದು ಫ್ರೀಜರಿನ ಮುಂದೆ ಮಂಜುಗಡ್ಡೆಯಂತಿದ್ದ ಬೆರಳುಗಳು ಈಗ ಬೆಚ್ಚಗಿದ್ದವು.

"ನಾನು ಆ ಪೆಟ್ಟಿಗೆಯನ್ನ ಯಾಕೆ ಕೊನೆಗೆ ಎತ್ತಿಕೊಂಡೆ ಗೊತ್ತಾ? ಬೀಗ ಇತ್ತು ಅದಕ್ಕೆ. ಇಷ್ಟು ಜೋಪಾನ ಮಾಡೋರು ಯಾರಪ್ಪಾ ಅಂತ ನೋಡ್ತಾ ನಿಂತೆ. ಅಷ್ಟರಲ್ಲಿ ಅವರೇ ಬಂದು ಬೈದ್ರು. ಅವತ್ತಿನಿಂದ ನನ್ನಲ್ಲೂ ಇರೋದು ಆ ಕೆಳಗಿನ ಗೆರೆ ಒಂದೇ."

ಅವಳು ಕಣ್ಣೊರೆಸಿಕೊಂಡು ನಕ್ಕಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಖಾಲಿ ಯೀಸ್ಟ್ ಕೊಡ್ತೀರಾ? ತೊಳೆಯೋಕೆ."

"ಒಂದು ಸಲ ತೊಳೆದ್ರೆ ಪೂರ್ತಿ ಹೋಗಲ್ಲ ಅದು. ಮತ್ತೆ ಮತ್ತೆ ತೊಳೀಬೇಕು. ನಡುವೆ ಒಂದೊಂದು ಸಲ ಮೇಲಿನ ಗೆರೆ ಮಬ್ಬಾಗಿ ಕಾಣಿಸ್ಕೊಳ್ಳುತ್ತೆ."

"ಕಾಣಿಸ್ಕೊಂಡ್ರೆ ಬೇಜಾರು ಮಾಡ್ಕೋಬಾರದು ಮತ್ತೆ."

"ಇಲ್ಲ. ದಿನಾ ಬರ್ತೀನಿ. ಬಾಗಿಲು ಬಡಿದೇ ಬರ್ತೀನಿ."

ಅವಳು ತಲೆ ಅಲ್ಲಾಡಿಸಿದಳು.

"ಬಡೀಬೇಡ. ಸುಮ್ಮನೆ ಬಾ."

"ಹೆದರ್ಕೊಂಡ್ರೆ?"

"ಹೆದರ್ಕೊಂಡ್ರೆ ಹೆದರ್ಕೊಳ್ತೀನಿ. ನೀನು ಬಾ."